ಗಡಿಗೆ ಬಾಗಿಲಿಲ್ಲ, ದುಡಿಮೆಗೆ ದಾಖಲೆಯಿಲ್ಲ

ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದವನ್ನು ಓದಿ ಮುಗಿಸಲು ಹತ್ತು ನಿಮಿಷ ಸಾಕು. 1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಸಹಿಯಾದ ಈ ದಸ್ತಾವೇಜಿನಲ್ಲಿ ಇರುವುದು ಹತ್ತೇ ವಿಧಿಗಳು. ನೆರೆಯ ದೇಶದವರು ತನ್ನ ನೆಲದಲ್ಲಿ ಉದ್ದಿಮೆ ನಡೆಸಲು, ಗುತ್ತಿಗೆ ಹಿಡಿಯಲು ಬಂದರೆ ತನ್ನವರಂತೆಯೇ ನಡೆಸಿಕೊಳ್ಳಬೇಕು ಎನ್ನುತ್ತದೆ ಆರನೆಯ ವಿಧಿ. ಏಳನೆಯದು ವಾಸ, ಆಸ್ತಿ, ವ್ಯಾಪಾರ, ಓಡಾಟಗಳಲ್ಲಿ ಎರಡೂ ದೇಶದವರಿಗೆ ಪರಸ್ಪರ ಸಮಾನ ಸವಲತ್ತು ಕೊಡುತ್ತದೆ. ಲಕ್ಷಾಂತರ ಜನ ಪಾಸ್‌ಪೋರ್ಟ್ ಇಲ್ಲದೆ, ವೀಸಾ ಇಲ್ಲದೆ ಗಡಿ ದಾಟಿ ಮುಕ್ಕಾಲು ಶತಮಾನದಿಂದ ದುಡಿದು ಬದುಕುತ್ತಿರುವುದು ಈ ಎರಡು ವಿಧಿಗಳ ಆಸರೆಯಲ್ಲಿ. ವಿಚಿತ್ರವೆಂದರೆ, ಕೂಲಿಯ ಪ್ರಸ್ತಾಪವೇ ಎರಡರಲ್ಲೂ ಇಲ್ಲ. ಸಂಬಳ, ಕೆಲಸದ ವೇಳೆ, ಅಪಘಾತ, ಪರಿಹಾರ, ತರಬೇತಿ, ಇವುಗಳಿಗಾಗಿ ಇಡೀ ಒಪ್ಪಂದವನ್ನು ಜಾಲಾಡಿದರೂ ಒಂದು ಸಾಲು ಸಿಗುವುದಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಆ ಹೊತ್ತಿಗೆ ಚೀನಾದ ಸೇನೆ ಟಿಬೆಟ್ಟಿನ ಹೊಸ್ತಿಲಲ್ಲಿತ್ತು. ದೆಹಲಿಗೆ ಬೇಕಾಗಿದ್ದದ್ದು ಹಿಮಾಲಯದ ಕಾವಲು. ಕಠ್ಮಂಡುವಿನಲ್ಲಿ ಆಳುತ್ತಿದ್ದ ರಾಣಾಗಳಿಗೆ ಬೇಕಾಗಿದ್ದದ್ದು ತಮ್ಮ ಗಾದಿಯ ಕಾವಲು. ನೇಪಾಳದ ಪರವಾಗಿ ಪ್ರಧಾನಿ ಮೋಹನ ಶಂಶೇರ್ ಜಂಗ್ ಬಹಾದ್ದೂರ್ ರಾಣಾ ಸಹಿ ಹಾಕಿದರೆ, ಭಾರತದ ಪರವಾಗಿ ಹಾಕಿದವರು ರಾಯಭಾರಿ ಚಂದ್ರೇಶ್ವರ ಪ್ರಸಾದ್ ನಾರಾಯಣ ಸಿಂಗ್. ಪ್ರಧಾನಿಗೆ ಸರಿಸಾಟಿಯಾಗಿ ರಾಯಭಾರಿಯೇ ಎಂಬ ನೇಪಾಳಿಗರ ಅಸಮಾಧಾನ ಇಂದಿಗೂ ತಣಿದಿಲ್ಲ. 1951ರ ಫೆಬ್ರವರಿಯಲ್ಲಿ, ಅಂದರೆ ಒಪ್ಪಂದವಾಗಿ ಏಳು ತಿಂಗಳೊಳಗೆ, 104 ವರ್ಷಗಳ ರಾಣಾ ಆಳ್ವಿಕೆ ಮುಗಿಯಿತು. ಅವರು ಹಾಕಿದ ಸಹಿ ಮಾತ್ರ ಉಳಿಯಿತು.

ಯಾವ ಕೃತಿಯನ್ನಾದರೂ ಅದು ಹೇಳಿದ್ದರಿಂದ ಅಳೆಯಬೇಕು, ಹೇಳದೆ ಬಿಟ್ಟದ್ದರಿಂದಲೂ ಅಳೆಯಬೇಕು. ಓಡಾಟದ ಸ್ವಾತಂತ್ರ್ಯದ ಮಟ್ಟಿಗೆ ಏಷ್ಯಾದಲ್ಲಿ ಈ ಒಪ್ಪಂದಕ್ಕೆ ಸಾಟಿಯಾದದ್ದು ಕಡಿಮೆ. ಬಡವನೊಬ್ಬ ಏಜೆಂಟನ ಕೈಗೆ ಒಂದು ಪೈಸೆ ಕೊಡದೆ ಇನ್ನೊಂದು ದೇಶಕ್ಕೆ ಹೋಗಿ ದುಡಿಯಬಹುದು, ಮನಸ್ಸಾದಾಗ ಮರಳಬಹುದು ಎಂಬುದು ಸಣ್ಣ ಮಾತಲ್ಲ. ಆದರೆ ಗಡಿ ದಾಟಿದ ಮರುಕ್ಷಣದಿಂದ ಅವನು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಕಳಿಸಿದ ದೇಶಕ್ಕೆ ಅವನು ವಿದೇಶಕ್ಕೆ ಹೋದವನಲ್ಲ. ಬರಮಾಡಿಕೊಂಡ ದೇಶಕ್ಕೆ ಅವನು ಹೊರಗಿನಿಂದ ಬಂದವನೂ ಅಲ್ಲ, ಒಳಗಿನವನೂ ಅಲ್ಲ.

ಈ ಗಡಿಯ ಉದ್ದ 1,751 ಕಿಲೋಮೀಟರು. ಉತ್ತರಾಖಂಡ, ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಸಿಕ್ಕಿಂಗಳ ಅಂಚನ್ನು ಮುಟ್ಟಿಕೊಂಡು ಹೋಗುತ್ತದೆ. ಕೆಲವೆಡೆ ನದಿಯೇ ಗಡಿ. ಕೆಲವೆಡೆ ಹೊಲದ ಬದು. ಕೆಲವು ಊರುಗಳಲ್ಲಿ ಬೀದಿಯ ಈ ಬದಿ ಒಂದು ದೇಶ, ಆ ಬದಿ ಇನ್ನೊಂದು. 2001ರಿಂದ ಭಾರತದ ಕಡೆ ಸಶಸ್ತ್ರ ಸೀಮಾ ಬಲ ಕಾವಲಿದೆ. ಅವರು ಚೀಲ ನೋಡುತ್ತಾರೆ, ಹೆಸರು ಕೇಳುತ್ತಾರೆ, ಬಿಡುತ್ತಾರೆ. ಅಛಾಮ್, ಬಝಾಂಗ್, ಬಾಜುರಾ, ಡೋಟಿಯಂಥ, ನೇಪಾಳದ ದೂರ ಪಶ್ಚಿಮದ ಗುಡ್ಡಗಾಡು ಜಿಲ್ಲೆಗಳವರು ಗಡ್ಡಾಚೌಕಿ–ಬನಬಸಾ ಮಾರ್ಗವಾಗಿಯೋ ಧನಗಢಿ–ಗೌರಿಫಂಟಾ ಮಾರ್ಗವಾಗಿಯೋ ಇಳಿದು ದೆಹಲಿಯ ಬಸ್ಸು ಹಿಡಿಯುತ್ತಾರೆ. ಅಲ್ಲಿಂದ ಮುಂಬೈ, ಪುಣೆ, ಸೂರತ್, ಬೆಂಗಳೂರು. ದಶೈಂ ಹಬ್ಬಕ್ಕೆ ಊರಿಗೆ, ಹಬ್ಬ ಮುಗಿದು ಕೊಯ್ಲು ಮುಗಿದ ಮೇಲೆ ಮತ್ತೆ ಬಯಲಿಗೆ. ಸೇಬಿನ ಕಾಲಕ್ಕೆ ಹಿಮಾಚಲದ ತೋಟಗಳಿಗೆ ಹೋಗುವವರ ದಾರಿ ಬೇರೆ, ಕಾಲವೂ ಬೇರೆ.

ಎಷ್ಟು ಜನ? ನೇಪಾಳದ 2011ರ ಜನಗಣತಿಯಲ್ಲಿ ದೇಶದಿಂದ ಹೊರಗಿದ್ದವರು 19.2 ಲಕ್ಷ ಎಂದು ದಾಖಲಾಯಿತು. ಅವರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಜನ, ಸುಮಾರು ಏಳು ಲಕ್ಷ, ಭಾರತದಲ್ಲಿದ್ದರು. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇರುವವರನ್ನು ಜನಗಣತಿಯ ಒಂದು ದಿನದ ಎಣಿಕೆ ಹಿಡಿದಿಡಲಾರದು. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು ಎನ್ನುವುದರಲ್ಲಿ ಈ ಕ್ಷೇತ್ರವನ್ನು ಬಲ್ಲವರಿಗೆ ಅನುಮಾನವಿಲ್ಲ. ಅನುಮತಿ ಪಡೆದು ಕೊಲ್ಲಿ ದೇಶಕ್ಕೆ ಹಾರಿದ ಪ್ರತಿ ನೇಪಾಳಿಗೂ ಕಠ್ಮಂಡುವಿನ ಕಡತದಲ್ಲಿ ಒಂದು ಕ್ರಮಾಂಕವಿದೆ. ಬನಬಸಾದಲ್ಲಿ ಬಸ್ಸು ಹತ್ತಿದವನಿಗೆ ಅದೂ ಇಲ್ಲ.

ಕನ್ನಡ ನಾಡಿಗೆ ಈ ಮನುಷ್ಯ ಹೊಸಬನಲ್ಲ. ಟಿವಿ ಬರುವ ಮೊದಲೇ ಜಿಲ್ಲಾ ಕೇಂದ್ರಗಳ ಬಡಾವಣೆಗಳಲ್ಲಿ, ಪೇಟೆಯ ಅಂಗಡಿ ಸಾಲುಗಳಲ್ಲಿ ರಾತ್ರಿ ಲಾಠಿ ಕುಟ್ಟುತ್ತ ಸೀಟಿ ಊದುತ್ತ ಹೋಗುತ್ತಿದ್ದವನು ಗೂರ್ಖಾ. ತಿಂಗಳ ಮೊದಲ ವಾರ ಮನೆಮನೆಗೆ ಬಂದು ಸಲಾಂ ಹೊಡೆದು ಐದೋ ಹತ್ತೋ ರೂಪಾಯಿ ಪಡೆಯುತ್ತಿದ್ದ. ಅದು ಸಂಬಳವೋ ಇನಾಮೋ ಎಂದು ಕೊಟ್ಟವರೂ ಯೋಚಿಸಲಿಲ್ಲ. ಅವನ ಮಾಲೀಕ ಯಾರು? ಇಡೀ ಬೀದಿ; ಅಂದರೆ ಯಾರೂ ಅಲ್ಲ. ಈಗ ಬೆಂಗಳೂರಿನಲ್ಲಿ ಅವನ ಮಗನೋ ಮೊಮ್ಮಗನೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸಮವಸ್ತ್ರ ತೊಟ್ಟು ನಿಂತಿದ್ದಾನೆ, ಪಿ.ಜಿ. ಹಾಸ್ಟೆಲಿನ ಅಡುಗೆಮನೆಯಲ್ಲಿ ಚಪಾತಿ ಬೇಯಿಸುತ್ತಿದ್ದಾನೆ, ದರ್ಶಿನಿಯ ಹಿಂಬದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಾನೆ, ಸಂಜೆ ಮೋಮೋ ಗಾಡಿ ತಳ್ಳುತ್ತಿದ್ದಾನೆ. ಅವನ ಬಗ್ಗೆ ಸುದ್ದಿ ಬರುವುದು ಮಾತ್ರ ಕಳ್ಳತನದ ಪ್ರಕರಣ ನಡೆದಾಗ. ಆಗ ಪತ್ರಿಕೆಗಳಲ್ಲಿ ಇಡೀ ದೇಶದ ಹೆಸರು ಸೇರಿಸಿ ತಲೆಬರಹ ಬರುತ್ತದೆ, ಪೊಲೀಸರು ಮನೆಗೆಲಸದವರ ಪೂರ್ವಾಪರ ವಿಚಾರಿಸಿ ಎಂದು ಮನೆ ಮಾಲೀಕರಿಗೆ ಬುದ್ಧಿ ಹೇಳುತ್ತಾರೆ. ಪೂರ್ವಾಪರ ವಿಚಾರಿಸಲು ಎಲ್ಲಿಗೆ ಹೋಗಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಎರಡು ಸರ್ಕಾರಗಳ ನಡುವೆ ಅಂಥದೊಂದು ಕಿಟಕಿಯನ್ನೇ ಇಟ್ಟಿಲ್ಲ.

ಇದೇ ಗೂರ್ಖಾನ ಅಣ್ಣ ಸೈನ್ಯಕ್ಕೆ ಸೇರಿದ್ದರೆ ಕಥೆಯೇ ಬೇರೆ. 1815ರಲ್ಲಿ ಬ್ರಿಟಿಷರು ಆರಂಭಿಸಿದ ಗೂರ್ಖಾ ನೇಮಕಾತಿಗೆ 1947ರ ನವೆಂಬರಿನಲ್ಲಿ ಬ್ರಿಟನ್, ಭಾರತ, ನೇಪಾಳ ಸೇರಿ ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡವು. ಹತ್ತು ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ. ಭಾರತದ ಸೇನೆಯಲ್ಲಿ ದುಡಿದು ನಿವೃತ್ತನಾದ ನೇಪಾಳಿಗೆ ಪಿಂಚಣಿ ಬಟವಾಡೆ ಮಾಡಲೆಂದೇ ಭಾರತ ಸರ್ಕಾರ ಕಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಕಚೇರಿಗಳನ್ನು ನಡೆಸುತ್ತದೆ. ಲಕ್ಷಕ್ಕೂ ಮೀರಿದ ಕುಟುಂಬಗಳಿಗೆ ಆ ಹಣ ತಲುಪುತ್ತದೆ. ಸಿಪಾಯಿಯ ವಿಧವೆಗೆ ಕುಟುಂಬ ಪಿಂಚಣಿ ಉಂಟು, ಆಸ್ಪತ್ರೆಯ ಸೌಲಭ್ಯ ಉಂಟು. ಅಂದರೆ ಮನಸ್ಸು ಮಾಡಿದಾಗ, ಪರದೇಶದ ಪ್ರಜೆಯೊಬ್ಬನ ದುಡಿಮೆಯ ಬಾಕಿಯನ್ನು ಅವನ ಬೆಟ್ಟದ ಊರಿನ ತನಕ ಕೊಂಡೊಯ್ದು ತೀರಿಸುವುದು ಭಾರತಕ್ಕೆ ಗೊತ್ತಿದೆ. ಗಡಿ ಕಾಯ್ದವನಿಗೆ ಸಿಕ್ಕಿದ್ದು ಬೀದಿ ಕಾಯ್ದವನಿಗೆ ಸಿಗಲಿಲ್ಲ, ಅಷ್ಟೆ.

ಆ ಸೈನಿಕ ದಾರಿಯೂ ಈಗ ಮುಚ್ಚಿದಂತೆಯೇ ಇದೆ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಮುಂದುವರಿಯುವವರು ನಾಲ್ಕರಲ್ಲಿ ಒಬ್ಬರು, ಉಳಿದವರಿಗೆ ಪಿಂಚಣಿಯಿಲ್ಲ. ಇದು 1947ರ ಒಪ್ಪಂದಕ್ಕೆ ಹೊಂದುವುದಿಲ್ಲ ಎಂದು ನೇಪಾಳ ಆ ವರ್ಷದ ನೇಮಕಾತಿ ರ‍್ಯಾಲಿಗಳಿಗೆ ಒಪ್ಪಿಗೆ ಕೊಡಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ ಬಂದೂಕಿನ ತರಬೇತಿ ಪಡೆದು ಕೆಲಸವಿಲ್ಲದೆ ಊರಿಗೆ ಮರಳುವುದು, ಹತ್ತು ವರ್ಷ ಅಂತರ್ಯುದ್ಧ ಕಂಡ ದೇಶಕ್ಕೆ ಹಗುರ ವಿಷಯವಲ್ಲ. ಅದಾದ ಒಂದೂವರೆ ವರ್ಷಕ್ಕೆ ನೇಪಾಳಿ ತರುಣರು ರಷ್ಯಾದ ಸೇನೆ ಸೇರಿ ಉಕ್ರೇನಿನ ಯುದ್ಧದಲ್ಲಿ ಸಾಯುತ್ತಿರುವ ವರದಿಗಳು ಬಂದವು. 2024ರ ಜನವರಿಯಲ್ಲಿ ಕಠ್ಮಂಡು ಈ ಎರಡು ದೇಶಗಳಿಗೆ ಕೆಲಸದ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಗೂರ್ಖಾ ನೇಮಕಾತಿ ನಿಂತದ್ದೇ ಇದಕ್ಕೆ ಕಾರಣ ಎನ್ನುವುದು ಅತಿಯಾದೀತು. ಎರಡೂ ಒಂದೇ ಬೆಟ್ಟಗಳ, ಒಂದೇ ವಯಸ್ಸಿನ ಹುಡುಗರ ಕಥೆ ಎಂಬುದಂತೂ ನಿಜ.

ನೇಪಾಳದ ಸರ್ಕಾರವನ್ನೂ ಪ್ರಶ್ನಿಸದೆ ಬಿಡಲಾಗದು. ಹೊರದೇಶದಿಂದ ಬರುವ ಹಣ ಆ ದೇಶದ ಜಿಡಿಪಿಯ ನಾಲ್ಕನೇ ಒಂದು ಭಾಗದ ಆಸುಪಾಸಿದೆ. ಹೀಗಾಗಿ ವಲಸೆಯ ಆಡಳಿತದಲ್ಲಿ ಕಠ್ಮಂಡುವಿಗೆ ಅನುಭವ ಕಡಿಮೆಯೇನಿಲ್ಲ. 2007ರಲ್ಲಿ ವಿದೇಶಿ ಉದ್ಯೋಗ ಕಾಯ್ದೆ ತಂದಿತು. ಹೋಗುವ ಮುನ್ನ ಕಾರ್ಮಿಕ ಅನುಮತಿ, ಕಡ್ಡಾಯ ವಿಮೆ, ಪೂರ್ವಸಿದ್ಧತಾ ತರಗತಿ, ಕಲ್ಯಾಣ ನಿಧಿಗೆ ವಂತಿಗೆ. ಸತ್ತರೆ ಮನೆಯವರಿಗೆ ಆ ನಿಧಿಯಿಂದ ನೆರವು, ಶವ ತರಿಸಲು ಸಹಾಯ. ಅದೇ 2007ರಲ್ಲಿ ದಕ್ಷಿಣ ಕೊರಿಯಾದ ಜೊತೆ ಒಡಂಬಡಿಕೆಯಾಯಿತು. ಕೊರಿಯನ್ ಭಾಷಾ ಪರೀಕ್ಷೆ ಪಾಸಾದವರನ್ನು ಸರ್ಕಾರದಿಂದ ಸರ್ಕಾರಕ್ಕೆ, ದಲ್ಲಾಳಿಯಿಲ್ಲದೆ ಕಳಿಸುವ ವ್ಯವಸ್ಥೆ ಅದು. ಅಲ್ಲಿ ಕೊರಿಯನ್ನರಿಗೆ ಇರುವ ಕನಿಷ್ಠ ವೇತನವೇ ಇವರಿಗೂ ಅನ್ವಯ. 2018ರ ಅಕ್ಟೋಬರಿನಲ್ಲಿ ಮಲೇಷ್ಯಾದ ಜೊತೆ ಆದ ಒಪ್ಪಂದದಲ್ಲಿ ವಿಮಾನದ ಟಿಕೆಟ್, ವೀಸಾ, ನೇಮಕಾತಿ ಖರ್ಚೆಲ್ಲ ಮಾಲೀಕನ ತಲೆಗೆ ಬಂತು.

ಭಾರತದ ಜೊತೆ? ಅಂಥ ಕಾರ್ಮಿಕ ಒಪ್ಪಂದ ಒಂದೂ ಇಲ್ಲ. ಭಾರತಕ್ಕೆ ಹೋಗುವವನಿಗೆ ಕಾರ್ಮಿಕ ಅನುಮತಿ ಬೇಕಿಲ್ಲ. ಅನುಮತಿ ಇಲ್ಲದ್ದರಿಂದ ವಿಮೆಯಿಲ್ಲ, ಕಲ್ಯಾಣ ನಿಧಿಯೂ ಇಲ್ಲ. ದೋಹಾದಲ್ಲಿ ಸಾರುವೆಯಿಂದ ಬಿದ್ದು ಸತ್ತವನ ಹೆಂಡತಿಗೆ ಸಿಗುವ ಪರಿಹಾರ ವೈಟ್‌ಫೀಲ್ಡಿನಲ್ಲಿ ಬಿದ್ದವನ ಹೆಂಡತಿಗೆ ಸಿಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆಡಳಿತಕ್ಕೂ ಹೊಂದುತ್ತದೆ. ಭಾರತಕ್ಕೆ ಹೋಗುವವರು ನೇಪಾಳದ ಅತ್ಯಂತ ಬಡವರು. ಕೊರಿಯಾಕ್ಕೆ ಹೋಗುವಷ್ಟು ಓದು, ಕೊಲ್ಲಿಗೆ ಹೋಗುವಷ್ಟು ಸಾಲ ಹುಟ್ಟದವರು. ಅತಿ ಹೆಚ್ಚು ರಕ್ಷಣೆ ಬೇಕಾದವರಿಗೇ ಕಾನೂನಿನ ಪುಟದಲ್ಲಿ ಜಾಗವಿಲ್ಲ.

ಇದರಲ್ಲಿ ಕಟುವಾದ ವ್ಯಂಗ್ಯವೊಂದಿದೆ. ಕಾರ್ಮಿಕರನ್ನು ಕಳಿಸುವ ಏಷ್ಯಾದ ದೇಶಗಳು 2003ರಲ್ಲಿ ಕೂಡಿ ‘ಕೊಲಂಬೊ ಪ್ರಕ್ರಿಯೆ’ ಎಂಬ ಸಮಾಲೋಚನೆ ಆರಂಭಿಸಿದವು. 2008ರಿಂದ, ಬರಮಾಡಿಕೊಳ್ಳುವ ದೇಶಗಳನ್ನೂ ಸೇರಿಸಿಕೊಂಡ ‘ಅಬುಧಾಬಿ ಸಂವಾದ’ವಿದೆ. ಭಾರತ, ನೇಪಾಳ ಎರಡೂ ಎರಡರಲ್ಲೂ ಸದಸ್ಯರು. ತಮ್ಮವರಿಗೆ ಕೊಲ್ಲಿಯ ಮಾಲೀಕರು ನ್ಯಾಯವಾದ ಸಂಬಳ ಕೊಡಬೇಕು, ಕೌಶಲದ ಪ್ರಮಾಣಪತ್ರವನ್ನು ಮಾನ್ಯ ಮಾಡಬೇಕು, ನೇಮಕಾತಿಯಲ್ಲಿ ಸುಲಿಗೆ ನಿಲ್ಲಬೇಕು ಎಂದು ಎರಡೂ ದೇಶದ ಅಧಿಕಾರಿಗಳು ಅಕ್ಕಪಕ್ಕ ಕೂತು ವಾದಿಸುತ್ತಾರೆ. ಒಬ್ಬರ ನೆಲದಲ್ಲಿ ಇನ್ನೊಬ್ಬರ ಲಕ್ಷಾಂತರ ಜನ ದುಡಿಯುತ್ತಿರುವ ಸಂಗತಿ ಆ ಮೇಜಿನ ಮೇಲೆ ಬರುವುದಿಲ್ಲ. ಸಾರ್ಕ್ 2014ರ ಕಠ್ಮಂಡು ಶೃಂಗಸಭೆಯಲ್ಲಿ ವಲಸೆ ಕಾರ್ಮಿಕರ ರಕ್ಷಣೆಗೆ ಸಹಕರಿಸುವ ಮಾತಾಡಿತ್ತು. ಅದೇ ಕೊನೆಯ ಶೃಂಗಸಭೆಯಾಯಿತು.

ಭಾರತದ ಕಾನೂನುಗಳನ್ನು ಬಿಡಿಸಿ ನೋಡಿದರೆ ಅಲ್ಲಲ್ಲಿ ಬೆಳಕಿನ ಬಿರುಕುಗಳು ಕಾಣುತ್ತವೆ. 2008ರಲ್ಲಿ ಭವಿಷ್ಯನಿಧಿ ಯೋಜನೆಗೆ ‘ಅಂತರರಾಷ್ಟ್ರೀಯ ಕಾರ್ಮಿಕ’ ಎಂಬ ಹೊಸ ವರ್ಗ ಸೇರಿ, ವಿದೇಶಿ ನೌಕರರು ಸಂಬಳದ ಮಿತಿಯಿಲ್ಲದೆ ಪೂರ್ತಿ ವೇತನದ ಮೇಲೆ ವಂತಿಗೆ ಕಟ್ಟಬೇಕಾಯಿತು. ಮುಂದೆ ಬಂದ ತಿದ್ದುಪಡಿ, ನೇಪಾಳ ಮತ್ತು ಭೂತಾನದವರನ್ನು ಈ ವರ್ಗದಿಂದ ಹೊರಗಿಟ್ಟು, ಅವರನ್ನು ಭಾರತೀಯ ಕಾರ್ಮಿಕರೆಂದೇ ಎಣಿಸಬೇಕು ಎಂದಿತು. ನೇಪಾಳದ ಮಟ್ಟಿಗೆ ಅದು ಕೊಟ್ಟ ಆಧಾರ ಇದೇ 1950ರ ಒಪ್ಪಂದ. (ಆ ಅಂತರರಾಷ್ಟ್ರೀಯ ವರ್ಗವೇ ಅಸಾಂವಿಧಾನಿಕ ಎಂದು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ತೀರ್ಪಿತ್ತದ್ದು ಬೇರೆ ವ್ಯಾಜ್ಯ, ಅದು ದೊಡ್ಡ ಸಂಬಳದ ವಿದೇಶಿಯರಿಗೆ ಸಂಬಂಧಿಸಿದ್ದು.) ಕೂಲಿಯ ಹೆಸರೆತ್ತದ ಒಪ್ಪಂದದಿಂದ ಕಾರ್ಮಿಕನ ಹಕ್ಕೊಂದನ್ನು ಹೊರತೆಗೆದ ಈ ಓದು, ದೆಹಲಿಯ ಗುಮಾಸ್ತಿಕೆಯಲ್ಲಿ ಅಪರೂಪಕ್ಕೆ ಕಾಣುವ ಜಾಣ್ಮೆ. ಭವಿಷ್ಯನಿಧಿ ಖಾತೆ ತೆರೆಯಲು ಮೊದಲು ಮಾಲೀಕ ತನ್ನ ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳಬೇಕಲ್ಲ, ತೊಡಕು ಅಲ್ಲಿದೆ.

ಕಾವಲುಗಾರರ ಕಸುಬನ್ನೇ ನೋಡಬಹುದು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, ಕಾವಲುಗಾರ ಭಾರತದ ಪ್ರಜೆಯಾಗಿರಬೇಕು, ಇಲ್ಲವೇ ಕೇಂದ್ರ ಸರ್ಕಾರ ಅಧಿಸೂಚಿಸಿದ ದೇಶದ ಪ್ರಜೆಯಾಗಿರಬೇಕು ಎನ್ನುತ್ತದೆ. ಅಂದರೆ ಕಾಯ್ದೆ ಬರೆದವರ ಕಣ್ಣಮುಂದೆ ಹೊರದೇಶದ ಕಾವಲುಗಾರನ ಚಿತ್ರ ಇದ್ದೇ ಇತ್ತು. ಕೇಂದ್ರದ ಮಾದರಿ ನಿಯಮಗಳು 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಕೊಡಬೇಕೆಂದು ವಿಧಿಸಿದವು: ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಜನಜಂಗುಳಿ ನಿಭಾಯಿಸುವುದು, ಗುರುತಿನ ಚೀಟಿ ಪರಿಶೀಲನೆ. ಇದನ್ನು ನಿಷ್ಠೆಯಿಂದ ಮಾಡಿದ್ದರೆ ಎರಡೂ ದೇಶಗಳಲ್ಲಿ ಚಲಾವಣೆಯಾಗುವ ಒಂದು ಕೌಶಲಪತ್ರ ಇಷ್ಟರಲ್ಲಿ ಹುಟ್ಟಿರುತ್ತಿತ್ತು. ಆದದ್ದೇನೆಂದರೆ, ದೊಡ್ಡ ಏಜೆನ್ಸಿಗಳು ಕಾಗದ ತುಂಬುತ್ತವೆ, ಚಿಕ್ಕವು ನಿನ್ನೆ ಬಸ್ಸಿಳಿದವನಿಗೆ ಇಂದು ಸಂಜೆ ಟೋಪಿ ಹಾಕಿ ಗೇಟಿನಲ್ಲಿ ನಿಲ್ಲಿಸುತ್ತವೆ. ಹನ್ನೆರಡು ಗಂಟೆಯ ಪಾಳಿ, ವಾರದ ರಜೆಯಿಲ್ಲ, ಮಲಗಲು ನೀರಿನ ಪಂಪಿನ ಕೋಣೆ.

ಉಳಿದ ಕಾನೂನುಗಳಲ್ಲಿ ಅವನಿಗೆ ಅಷ್ಟೂ ಜಾಗವಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬರೆದದ್ದು ರಾಜ್ಯದಿಂದ ರಾಜ್ಯಕ್ಕೆ ಹೋಗುವವರಿಗೆ. 2021ರ ಇ–ಶ್ರಮ್ ನೋಂದಣಿ ಆಧಾರ್ ಸಂಖ್ಯೆಯ ಮೇಲೆ ನಿಂತಿದೆ. ಜೈಪುರದ ಗಾರೆ ಕೆಲಸದವನೂ ಡೋಟಿಯ ಗಾರೆ ಕೆಲಸದವನೂ ಬೆಂಗಳೂರಿನ ಒಂದೇ ಕಟ್ಟಡದ ಒಂದೇ ಅಟ್ಟಣೆಯ ಮೇಲೆ ನಿಂತಿರುತ್ತಾರೆ. ಕೆಳಗೆ ಬಿದ್ದರೆ ಒಬ್ಬನಿಗೆ ತಲುಪುವ ನೆರವು ಇನ್ನೊಬ್ಬನಿಗೆ ತಲುಪುವುದಿಲ್ಲ.

2020ರ ಮಾರ್ಚ್ ಕೊನೆಯ ವಾರ ಈ ಕೊರತೆಯೆಲ್ಲ ಒಮ್ಮೆಲೇ ಬಯಲಾಯಿತು. ಕೋವಿಡ್ ಕಾರಣಕ್ಕೆ 24ರಂದು ನೇಪಾಳ, 25ರಂದು ಭಾರತ ಬೀಗ ಹಾಕಿಕೊಂಡವು. ಗಡಿಯೇ ಇಲ್ಲವೆಂದು ಬದುಕಿದವರಿಗೆ ಗಡಿ ಎದ್ದು ನಿಂತಿತು. ಉತ್ತರಾಖಂಡದ ಧಾರಚೂಲಾದಲ್ಲಿ ನೂರಾರು ನೇಪಾಳಿ ಕೂಲಿಗಳು ಸೇತುವೆಯ ಈ ಬದಿ ಸಿಕ್ಕಿಬಿದ್ದರು; ಆಚೆ ಬದಿಯಲ್ಲಿ ಕಾಣುತ್ತಿದ್ದದ್ದು ಅವರದೇ ದೇಶ. ಕೆಲವರು ಮಹಾಕಾಳಿ ನದಿಗೆ ಹಾರಿ ಈಜಿ ದಾಟಿದರು, ದಾಟಿದವರನ್ನು ನೇಪಾಳದ ಪೊಲೀಸರು ಹಿಡಿದರು. ಭಾರತದೊಳಗೆ ತನ್ನವರು ಎಷ್ಟು ಮಂದಿ, ಯಾವ ಊರುಗಳಲ್ಲಿ ಇದ್ದಾರೆ ಎಂದು ಹೇಳುವ ಪಟ್ಟಿ ಕಠ್ಮಂಡುವಿನ ಬಳಿ ಇರಲಿಲ್ಲ. ಪಟ್ಟಿ ಇಲ್ಲದಿದ್ದರೆ ರೈಲು ಬಿಡುವುದು ಎಲ್ಲಿಂದ, ಅಕ್ಕಿ ಹಂಚುವುದು ಯಾರಿಗೆ? ಕೊಲ್ಲಿಯಿಂದ ವಿಮಾನಗಳು ತಡವಾಗಿಯಾದರೂ ಹಾರಿದವು. ಬೆಂಗಳೂರು, ಮುಂಬೈಗಳಿಂದ ಹೊರಟವರು ಸಿಕ್ಕ ಲಾರಿ ಹತ್ತಿ, ನಡೆದು, ಗಡಿಯಲ್ಲಿ ದಿನಗಟ್ಟಲೆ ಕಾದರು.

ಹಣದ ವಿಷಯದಲ್ಲಿ ಒಂದು ಒಳ್ಳೆಯ ಪ್ರಯತ್ನ ನಡೆಯಿತು. 2008ರಲ್ಲಿ ರಿಸರ್ವ್ ಬ್ಯಾಂಕ್ ಭಾರತ–ನೇಪಾಳ ಹಣ ರವಾನೆ ಯೋಜನೆ ತಂದಿತು. ಬ್ಯಾಂಕಿನಲ್ಲಿ ಖಾತೆ ಇಲ್ಲದವನೂ ಒಮ್ಮೆಗೆ ₹50,000 ವರೆಗೆ ಕಡಿಮೆ ಖರ್ಚಿನಲ್ಲಿ ಊರಿಗೆ ಕಳಿಸಬಹುದಾಯಿತು. 2021ರಲ್ಲಿ ಖಾತೆಯ ಮೂಲಕ ಕಳಿಸುವವರಿಗೆ ಮಿತಿ ₹2 ಲಕ್ಷಕ್ಕೇರಿತು. ಅಚ್ಚುಕಟ್ಟಾದ ಯೋಜನೆ, ಆದರೆ ಅದರ ಹೆಸರು ಕೇಳಿದ ಕಾವಲುಗಾರರು ವಿರಳ. ಹಣ ಹೋಗುವುದು ಇಂದಿಗೂ ಹೆಚ್ಚಾಗಿ ಕೈಯಿಂದ ಕೈಗೆ, ಊರಿಗೆ ಹೊರಟ ನೆಂಟನ ಚಡ್ಡಿಯ ಒಳಜೇಬಿನಲ್ಲಿ. ಆ ಜೇಬಿಗೆ 2016ರ ನವೆಂಬರಿನಲ್ಲಿ ದೊಡ್ಡ ಏಟು ಬಿತ್ತು. ರದ್ದಾದ 500, 1,000ದ ನೋಟುಗಳು ನೇಪಾಳದ ಹಳ್ಳಿಮನೆಗಳ ಪೆಟ್ಟಿಗೆಗಳಲ್ಲೂ ಇದ್ದವು. ನೇಪಾಳಿ ಪ್ರಜೆಗಳಿಗೆ ಅವನ್ನು ಬದಲಿಸಿಕೊಳ್ಳುವ ವ್ಯವಸ್ಥೆ ಆಗಲೇ ಇಲ್ಲ. ಸುಟ್ಟ ಗಾಯಕ್ಕೆ ನೇಪಾಳವೂ ತನ್ನ ಪಾಲಿನ ಉಪ್ಪು ಸವರಿತು: 2018ರ ಡಿಸೆಂಬರಿನಲ್ಲಿ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನೇ ನಿಷೇಧಿಸಿತು. ತಿಂಗಳ ಸಂಬಳ 500ರ ನೋಟಿನಲ್ಲಿ ಪಡೆದವನು ಗಡಿಯಲ್ಲಿ ತನ್ನದೇ ದುಡ್ಡಿನ ಕಳ್ಳಸಾಗಣೆದಾರನಾದ.

ಹೆಂಗಸರ ಪಾಡು ಇನ್ನೂ ಬೇರೆ. ತೆರೆದ ಗಡಿಯ ಅತಿ ದೊಡ್ಡ ಕಳಂಕ ಹೆಣ್ಣುಮಕ್ಕಳ ಸಾಗಣೆ. 1993ರಲ್ಲಿ ಅನುರಾಧಾ ಕೊಯಿರಾಲಾ ಕಟ್ಟಿದ ‘ಮೈತಿ ನೇಪಾಳ’ದ ಕಾರ್ಯಕರ್ತೆಯರು ಗಡಿ ಠಾಣೆಗಳಲ್ಲಿ ನಿಂತು, ಬಸ್ಸು ರಿಕ್ಷಾಗಳನ್ನು ತಡೆದು ಹುಡುಗಿಯರನ್ನು ಮಾತಾಡಿಸುತ್ತ ಬಂದಿದ್ದಾರೆ. ಎರಡು ಸರ್ಕಾರಗಳು ಮಾಡಬೇಕಾದ ಕೆಲಸವನ್ನು ಒಂದು ಸಂಸ್ಥೆ ಕೈಯಳತೆಯಲ್ಲಿ ಮಾಡುತ್ತಿದೆ. ರಕ್ಷಣೆಯ ಹೆಸರಿನಲ್ಲಿ ಹಾಕುವ ನಿರ್ಬಂಧಗಳು ಏನು ಮಾಡುತ್ತವೆ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. 2017ರಲ್ಲಿ ನೇಪಾಳ ಮನೆಗೆಲಸಕ್ಕೆ ಹೆಂಗಸರು ಕೊಲ್ಲಿಗೆ ಹೋಗುವುದನ್ನು ತಡೆಯಿತು. ಹೋಗುವುದು ನಿಲ್ಲಲಿಲ್ಲ. ಗಡಿ ದಾಟಿ, ದೆಹಲಿ ಮುಂಬೈಗಳ ವಿಮಾನ ನಿಲ್ದಾಣಗಳ ಮೂಲಕ, ದಲ್ಲಾಳಿ ಹೇಳಿದ ಸುಳ್ಳು ಕಾಗದ ಹಿಡಿದು ಹೋದರು.

ಇಲ್ಲಿ ಒಂದು ಗಂಭೀರ ಆಕ್ಷೇಪ ಎದ್ದೇಳುತ್ತದೆ, ಅದು ಉತ್ತರ ಕೊಡಲೇಬೇಕಾದ ಆಕ್ಷೇಪ. ದಾಖಲೆ, ನೋಂದಣಿ, ಗುರುತಿನ ಚೀಟಿ ಎಂದು ಶುರುಮಾಡಿದರೆ ಬಡವನ ಕೊನೆಯ ತೆರೆದ ದಾರಿಯೂ ಮುಚ್ಚೀತು. ಕಾಗದ ಬಂದಲ್ಲಿ ದಲ್ಲಾಳಿ ಬರುತ್ತಾನೆ. ಅನುಭವ ಈ ಆಕ್ಷೇಪದ ಪರವಾಗಿಯೇ ಇದೆ. ನೇಪಾಳ 2015ರಲ್ಲಿ ಕೊಲ್ಲಿ ಮತ್ತು ಮಲೇಷ್ಯಾಕ್ಕೆ ‘ಉಚಿತ ವೀಸಾ, ಉಚಿತ ಟಿಕೆಟ್’ ನೀತಿ ಘೋಷಿಸಿತು. ಏಜೆಂಟರು ರಸೀದಿಯಲ್ಲಿ ಸಣ್ಣ ಮೊತ್ತ ಬರೆದು, ಮೇಜಿನ ಕೆಳಗೆ ಲಕ್ಷ ಕೇಳುವುದು ನಿಲ್ಲಲಿಲ್ಲ. ಕತಾರಿನಿಂದ ಬಂದ ಶವಪೆಟ್ಟಿಗೆಗಳೊಳಗೆ ಅನುಮತಿ ಪತ್ರ ಇದ್ದವರೂ ಇದ್ದರು. ಕೊರಿಯಾದ ಮಾದರಿಯಲ್ಲೂ ಕಾರ್ಮಿಕನಿಗೆ ಮಾಲೀಕನನ್ನು ಬದಲಿಸುವ ಸ್ವಾತಂತ್ರ್ಯ ಬಿಗಿಯಾದ ಕಟ್ಟುಪಾಡಿನಲ್ಲಿದೆ. ಬೆಂಗಳೂರಿನ ನೇಪಾಳಿ ಅಡುಗೆಯವನು ಮಾಲೀಕ ಬೈದರೆ ಮರುದಿನವೇ ಪಕ್ಕದ ಬೀದಿಯ ಹೋಟೆಲು ಸೇರುತ್ತಾನೆ. ದೋಹಾದಲ್ಲಿ ಅವನ ತಮ್ಮನಿಗೆ ಬಹುಕಾಲ ಈ ಭಾಗ್ಯ ಇರಲಿಲ್ಲ.

ಕಾಗದವನ್ನು ಅಸ್ತ್ರವಾಗಿ ಬಳಸಿದ ಇತಿಹಾಸವೂ ಎರಡೂ ಕಡೆ ಇದೆ. 1987ರಲ್ಲಿ ಮೇಘಾಲಯದಿಂದ ಸಾವಿರಾರು ನೇಪಾಳಿ ಭಾಷಿಕರನ್ನು ಹೊರಗಟ್ಟಲಾಯಿತು. ಅವರಲ್ಲಿ ಭಾರತದ ಪ್ರಜೆಗಳೂ ಇದ್ದರು. ಅದೇ ವರ್ಷ ನೇಪಾಳ ಕಠ್ಮಂಡು ಕಣಿವೆಯಲ್ಲಿ ದುಡಿಯುವ ಭಾರತೀಯರಿಗೆ ಕೆಲಸದ ಪರವಾನಗಿ ಕಡ್ಡಾಯ ಮಾಡಿತು. 1989ರಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದು ಭಾರತ ಗಡಿ ಬಿಗಿ ಮಾಡಿದಾಗ, ದೆಹಲಿಯ ದೂರುಗಳ ಪಟ್ಟಿಯಲ್ಲಿ ಈ ಪರವಾನಗಿಯೂ ಇತ್ತು.

ಆದ್ದರಿಂದ ದಾಖಲೆಯನ್ನು ಎಲ್ಲಿ ಕೇಳಬೇಕು ಎಂಬುದು ಮುಖ್ಯ ಪ್ರಶ್ನೆ. ಗಡಿಯಲ್ಲಿ ಕೇಳಿದರೆ ಅದು ತಡೆಗೋಡೆ. ಕೆಲಸದ ಜಾಗದಲ್ಲಿ, ಮಾಲೀಕನಿಂದ ಕೇಳಿದರೆ ಅದು ಹಕ್ಕಿನ ಪುರಾವೆ. ಈ ಭೇದವನ್ನು ಗುರುತಿಸದೆಯೇ ಎರಡೂ ದೇಶಗಳ ವಾದ ವಿವಾದ ನಡೆದುಬಂದಿದೆ: ಒಂದು ಪಂಗಡ ಗಡಿಗೆ ಬೇಲಿ ಹಾಕಿ ಎನ್ನುತ್ತದೆ, ಇನ್ನೊಂದು ಏನನ್ನೂ ಮುಟ್ಟಬೇಡಿ ಎನ್ನುತ್ತದೆ.

ವಲಸೆ ಏಕಮುಖವಾದದ್ದೂ ಅಲ್ಲ. ಕಠ್ಮಂಡುವಿನ ಕ್ಷೌರದಂಗಡಿಗಳಲ್ಲಿ, ತರಕಾರಿ ಗಾಡಿಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ ಬಿಹಾರ, ಉತ್ತರ ಪ್ರದೇಶದವರು ದುಡಿಯುತ್ತಾರೆ. ಅವರಿಗೂ ಅಲ್ಲಿ ಲೆಕ್ಕದ ಪುಸ್ತಕವಿಲ್ಲ. ಕನ್ನಡಿಗರ ಒಂದು ವಲಸೆಯಂತೂ ಈ ಎಲ್ಲಕ್ಕಿಂತ ಹಳೆಯದು. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣದವರು. ಅವರಲ್ಲಿ ಅನೇಕರು ಕರ್ನಾಟಕದ ಕರಾವಳಿ ಮೂಲದವರು. ನಿಗದಿಯಾದ ಅರ್ಹತೆ, ವಿಧಿವತ್ತಾದ ನೇಮಕ, ದೇವಸ್ಥಾನದ ಸಂಭಾವನೆ, ವಸತಿ ಎಲ್ಲ ಉಂಟು. 2008ರ ಕೊನೆಗೆ ಮಾವೋವಾದಿ ನೇತೃತ್ವದ ಸರ್ಕಾರ ಅವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಹೊರಟಾಗ ವಿಷಯ ಆ ದೇಶದ ಸುಪ್ರೀಂ ಕೋರ್ಟಿನ ತನಕ ಹೋಯಿತು, ಸರ್ಕಾರ ಹಿಂದೆ ಸರಿಯಿತು. ಎರಡು ದೇಶಗಳ ನಡುವಿನ ದುಡಿಮೆಯಲ್ಲಿ ನೇಮಕಾತಿ ಆದೇಶ, ವ್ಯಾಜ್ಯ ಪರಿಹಾರ ಎರಡೂ ಇರುವ ನಾಗರಿಕ ಕಸುಬು ಬಹುಶಃ ಇದೊಂದೇ. ಅಲ್ಲಿಯೂ ಮಾಲೀಕ ದೇವರೇ ಆಗಬೇಕಾಯಿತು.

ಕೌಶಲ ತರಬೇತಿಯಲ್ಲಿ ಸಹಕಾರ ಇಲ್ಲವೆಂದಲ್ಲ. ಬಿರಾಟನಗರದ ಬಳಿಯ ಮನಮೋಹನ ಸ್ಮಾರಕ ಪಾಲಿಟೆಕ್ನಿಕ್, ಧರಾನ್‌ನ ಬಿ.ಪಿ. ಕೊಯಿರಾಲಾ ಆರೋಗ್ಯ ವಿಜ್ಞಾನ ಸಂಸ್ಥೆ ಭಾರತದ ನೆರವಿನಿಂದ ಎದ್ದವು. 2015ರ ಭೂಕಂಪದ ನಂತರ ಗೋರ್ಖಾ ಮತ್ತು ನುವಾಕೋಟ್ ಜಿಲ್ಲೆಗಳಲ್ಲಿ 50,000 ಮನೆ ಕಟ್ಟಲು ಭಾರತ ಹಣ ಕೊಟ್ಟಿತು. ಮಾಲೀಕರೇ ಮುಂದೆ ನಿಂತು ಕಟ್ಟಿಸಿಕೊಳ್ಳುವ ಆ ಕ್ರಮದಲ್ಲಿ ಹಳ್ಳಿಯ ಗಾರೆ ಕೆಲಸದವರು ಮೂಲೆಗೆ ಕಬ್ಬಿಣ ಹೆಣೆಯುವುದು, ಅಡ್ಡಪಟ್ಟಿ ಕಟ್ಟುವುದು, ಕಂಪನ ತಡೆಯುವ ಗೋಡೆ ಏಳಿಸುವುದು ಕಲಿತರು. ಎರಡು ದೇಶಗಳ ಸಹಕಾರದಲ್ಲಿ ದುಡಿಯುವ ಕೈಗೆ ನಿಜವಾಗಿ ಏನಾದರೂ ಸೇರಿದ್ದರೆ ಅದು ಇಲ್ಲಿ. ಅಂಥ ಗಾರೆಯವನು ಕೆಲಸ ಹುಡುಕಿ ಬೆಂಗಳೂರಿಗೆ ಬಂದರೆ ಮೇಸ್ತ್ರಿ ಅವನನ್ನು ಸಹಾಯಕ ಕೂಲಿಯ ದರಕ್ಕೇ ಹಚ್ಚುತ್ತಾನೆ. ನೇಪಾಳದ ತಾಂತ್ರಿಕ ಶಿಕ್ಷಣ ಮಂಡಳಿ ಕೊಟ್ಟ ಪ್ರಮಾಣಪತ್ರ ಇಲ್ಲಿನ ಗುತ್ತಿಗೆದಾರನಿಗೆ ಬರಿ ಕಾಗದ.

ದೊಡ್ಡ ಮಟ್ಟದ ದುರಸ್ತಿಗೆ ಒಮ್ಮೆ ಪ್ರಯತ್ನ ನಡೆಯಿತು. 2016ರಲ್ಲಿ ಎರಡೂ ದೇಶಗಳು ತಲಾ ನಾಲ್ವರ ಗಣ್ಯರ ತಂಡ ನೇಮಿಸಿದವು. ಭಾರತದ ಕಡೆಗೆ ಭಗತ್ ಸಿಂಗ್ ಕೋಶ್ಯಾರಿ, ನೇಪಾಳದ ಕಡೆಗೆ ಭೇಖ್ ಬಹಾದ್ದೂರ್ ಥಾಪಾ ಮುಂದಾಳುಗಳು. 2018ರಲ್ಲಿ ಒಮ್ಮತದ ವರದಿ ಸಿದ್ಧವಾಯಿತು. 1950ರ ಒಪ್ಪಂದದ ಜಾಗಕ್ಕೆ ಹೊಸದು ಬರಲಿ, ಗಡಿ ದಾಟುವವರಿಗೆ ಗುರುತಿನ ಚೀಟಿ ಇರಲಿ ಎಂದು ಅದರಲ್ಲಿದೆ ಎಂದು ಪತ್ರಿಕೆಗಳು ಬರೆದವು. ವರದಿಯನ್ನು ಮೊದಲು ಭಾರತದ ಪ್ರಧಾನಿಗೆ, ಬಳಿಕ ನೇಪಾಳದ ಪ್ರಧಾನಿಗೆ ಒಪ್ಪಿಸುವುದೆಂದು ಮಾತಾಗಿತ್ತು. ದೆಹಲಿ ಅದನ್ನು ಸ್ವೀಕರಿಸಲಿಲ್ಲ, ಅಷ್ಟಕ್ಕೇ ನಿಂತಿತು.

ಹಾಗೆ ನೋಡಿದರೆ ಈವರೆಗೆ ದುಡಿಯುವವನಿಗೆ ನಿಜವಾಗಿ ಉಪಯೋಗಕ್ಕೆ ಬಂದ ಎರಡು ಕೆಲಸಗಳು, ಭವಿಷ್ಯನಿಧಿಯ ತಿದ್ದುಪಡಿ ಮತ್ತು ಹಣ ರವಾನೆಯ ಯೋಜನೆ, ಶೃಂಗಸಭೆಯಲ್ಲಿ ಹುಟ್ಟಿದವಲ್ಲ. ಒಂದು ಇಲಾಖೆಯ ಅಧಿಸೂಚನೆ, ಇನ್ನೊಂದು ಬ್ಯಾಂಕಿನ ಸುತ್ತೋಲೆ. ಅದೇ ಅಳತೆಯ ಕೆಲಸಗಳು ಇನ್ನೂ ಬಾಕಿ ಇವೆ. ಭಾರತಕ್ಕೆ ಹೋಗುವವನೂ ಇಷ್ಟಪಟ್ಟರೆ ವಂತಿಗೆ ಕಟ್ಟಿ ಕಲ್ಯಾಣ ನಿಧಿ ಸೇರಬಹುದು ಎಂದು ಕಠ್ಮಂಡು ತನ್ನ ನಿಯಮ ಬದಲಿಸಬಹುದು. ದೆಹಲಿಯ ಅಪ್ಪಣೆ ಅದಕ್ಕೆ ಬೇಕಿಲ್ಲ. ಕರ್ನಾಟಕಕ್ಕೂ ದೆಹಲಿಗೆ ಕಾಯದೆ ಮಾಡಬಹುದಾದ್ದು ಒಂದಿದೆ. ಕಟ್ಟಡ ಕಾರ್ಮಿಕರ ಕಾನೂನು, ಹದಿನೆಂಟರಿಂದ ಅರವತ್ತರೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಕಟ್ಟಡ ಕಾರ್ಮಿಕನನ್ನು ಫಲಾನುಭವಿಯಾಗಿ ನೋಂದಾಯಿಸಬೇಕು ಎನ್ನುತ್ತದೆ. ಪ್ರಜೆಯಾಗಿರಬೇಕು ಎಂಬ ಷರತ್ತು ಆ ಸೆಕ್ಷನ್ನಿನಲ್ಲಿಲ್ಲ. ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಡೋಟಿಯ ಗಾರೆಯವನು ಏಳಿಸಿದ ಗೋಡೆಯ ಮೇಲೂ ವಸೂಲಾಗಿ ಕಲ್ಯಾಣ ಮಂಡಳಿಯ ಖಾತೆ ಸೇರುತ್ತದೆ. ಅವನ ಹೆಸರು ಅಲ್ಲಿ ಸೇರಬೇಕಾದರೆ, ಅರ್ಜಿಯ ಜೊತೆ ಲಗತ್ತಿಸಬಹುದಾದ ಗುರುತಿನ ದಾಖಲೆಗಳ ಪಟ್ಟಿಯಲ್ಲಿ ನೇಪಾಳದ ನಾಗರಿಕತಾ ಪ್ರಮಾಣಪತ್ರ ಎಂಬ ಒಂದು ಸಾಲು ಹೆಚ್ಚಬೇಕು.